ನಗರದ ಪಾಳುಬಾವಿಯಲ್ಲಿ ಟಿಪ್ಪು ಕಾಲದ ರಾಕೆಟ್ಟುಗಳು

ಹೊಸನಗರ ತಾಲ್ಲೂಕಿನ ನಗರಕ್ಕೆ ಬಂದವರು ಕೋಟೆಯ ಹೆಬ್ಬಾಗಿಲು ದಾಟಿ, ಬುರುಜು ಹತ್ತಿ, ಅಕ್ಕ-ತಂಗಿ ಕೊಳ ನೋಡಿ ಕೊಡಚಾದ್ರಿಯ ದಾರಿ ಹಿಡಿಯುತ್ತಾರೆ. ಇದೇ ಊರಿನ ಒಂದು ಪಾಳುಬಾವಿ ಇನ್ನೂರು ವರ್ಷಕ್ಕೂ ಮಿಕ್ಕಿ ಯುದ್ಧದ ಸರಕನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ನನ್ನ ಮಟ್ಟಿಗೆ ಮಲೆನಾಡಿನ ಕೋಟೆಗಳಲ್ಲಿ ಸಿಕ್ಕ ದೊಡ್ಡ ನಿಧಿ ಅದೇ.

2002ರಲ್ಲಿ ಆ ಬಾವಿಯಲ್ಲಿ ತುಕ್ಕು ತಿಂದ ಕಬ್ಬಿಣದ ಕೊಳವೆಗಳು ನೂರಕ್ಕೂ ಹೆಚ್ಚು ಸಿಕ್ಕವು. ಅವು ಮೈಸೂರಿನ ರಾಕೆಟ್ಟುಗಳು ಎಂದು ಗುರುತಾದದ್ದು ಒಂದು ದಶಕ ಕಳೆದ ಮೇಲೆ. ಬತ್ತಿದ ಬಾವಿಯ ಮಣ್ಣು ಆಗಲೂ ಮದ್ದಿನ ವಾಸನೆ ಹೊಡೆಯುತ್ತಿತ್ತು. ಆ ಜಾಡು ಹಿಡಿದು 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯ 15 ಜನರ ತಂಡ ಮೂರು ದಿನ ಅಗೆದು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಮೇಲೆತ್ತಿತು. ಹುಲಿಕಲ್ಲಿನ ಪಕ್ಕದ, ಜಡಿಮಳೆಯ ಈ ಸೀಮೆಯಲ್ಲಿ ಕಬ್ಬಿಣ ಇಷ್ಟು ಕಾಲ ಉಳಿದದ್ದೇ ಅಚ್ಚರಿ.

ಒಂದೊಂದೂ ಹೆಚ್ಚುಕಡಿಮೆ ಗೇಣುದ್ದ. ಒಂದು ತುದಿ ಮುಚ್ಚಿದೆ. ಇನ್ನೊಂದು ತುದಿಯಲ್ಲಿ ಬೆಂಕಿ ಹೊರನುಗ್ಗಲು ಸಣ್ಣ ಕಂಡಿ. ಕೊಳವೆಗೆ ಮದ್ದು ಗಿಡಿದು, ಉದ್ದನೆಯ ಬಿದಿರುಗಳಕ್ಕೆ ಬಿಗಿದು ಹಾರಿಸುತ್ತಿದ್ದರು. ಗುರಿಯತ್ತ ನೆಟ್ಟಗೆ ಸಾಗಲು ಆ ಗಳವೇ ಆಸರೆ. ಅದಕ್ಕೂ ಮೊದಲಿನ ರಾಕೆಟ್ಟುಗಳ ಕಾಗದದ ಕೊಳವೆಗಳು ಹೆಚ್ಚು ಒತ್ತಡ ತಾಳದೆ ಒಡೆಯುತ್ತಿದ್ದವು. ಕಬ್ಬಿಣ ಆ ಒತ್ತಡ ತಡೆದದ್ದರಿಂದ ಮೈಸೂರಿನ ರಾಕೆಟ್ಟುಗಳು ಬಹುದೂರ ಹಾರಿದವು. 1780ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷ್ ಕರ್ನಲ್ ಬೈಲಿಯ ಸೇನೆ ಇವುಗಳ ರುಚಿ ಕಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಮಾದರಿಗಳೇ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟಿಗೆ ಪ್ರೇರಣೆಯಾದವು.

ಇಷ್ಟೊಂದು ರಾಕೆಟ್ಟು ನಗರದಲ್ಲೇ ಸಿಕ್ಕದ್ದಕ್ಕೆ ಕಾರಣವಿದೆ. ಸಾಗರದ ಕೆಳದಿ, ಇಕ್ಕೇರಿಗಳಾದ ಮೇಲೆ ಕೆಳದಿ ನಾಯಕರ ರಾಜಧಾನಿಯಾದದ್ದು ಬಿದನೂರು, ಅಂದರೆ ಇಂದಿನ ನಗರ. ತೀರ್ಥಹಳ್ಳಿ ಕಡೆ ಕವಲೇದುರ್ಗದ ಕೋಟೆ ಅವರ ಬೆನ್ನಿಗಿತ್ತು. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡ ಹೈದರಾಲಿ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಇಲ್ಲಿ ಟಂಕಸಾಲೆ ನಡೆಸಿದ, ತನ್ನ ಮುಖ್ಯ ಶಸ್ತ್ರಾಗಾರವನ್ನೂ ಸ್ಥಾಪಿಸಿದ. ಆಯುಧ, ಮದ್ದುಗುಂಡು ತಯಾರಿಸುವುದೇ ಬಹಳ ಜನರಿಗೆ ಕಸುಬಾಯಿತು. 1783ರಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಊರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿ ಮರಳಿ ಗೆದ್ದ.

ನಾಯಕರ, ಸುಲ್ತಾನರ ಹೆಸರುಗಳು ನಮಗೆ ಬಾಯಿಪಾಠ. ಕಾದ ತಗಡನ್ನು ಬಡಿದು ಸುತ್ತಿ ಕೊಳವೆ ಮಾಡಿದ ಕಮ್ಮಾರ, ಮದ್ದು ಅರೆದು ತುಂಬಿದ ಕೂಲಿಯವರ ಕೆಲಸ ಕಣ್ಣಿಗೆ ಬೀಳುವುದು ಮಾತ್ರ ಈ ರಾಕೆಟ್ಟುಗಳಲ್ಲಿ. ಬಾವಿಯಿಂದ ತೆಗೆದವನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸಿದ್ದಾರೆ. ನಗರದ ಕೋಟೆ ನೋಡಿ ಬರುವವರು ಅಲ್ಲಿಗೂ ಹೋಗಲಿ, ಮಕ್ಕಳನ್ನೂ ಕರೆದೊಯ್ಯಲಿ. ಸಾಧ್ಯವಾದರೆ ಇವುಗಳಲ್ಲಿ ಕೆಲವಾದರೂ ಹುಟ್ಟೂರು ನಗರಕ್ಕೇ ಮರಳಲಿ ಎಂಬುದು ನನ್ನ ಆಸೆ.