ಬಾಳಸಂಗಾತಿಗೆ ಗ್ರಾಫಿಕ್ ಕಾದಂಬರಿಯ ಉಡುಗೊರೆ: ಆಯ್ಕೆ ಹೇಗೆ?

ಮಂಡ್ಯ: ಹುಟ್ಟುಹಬ್ಬ ಅಥವಾ ವಿವಾಹ ವಾರ್ಷಿಕೋತ್ಸವ ಸಮೀಪಿಸಿತೆಂದರೆ ಸೀರೆ, ಅಂಗಿ, ಕೈಗಡಿಯಾರಗಳತ್ತ ಮನಸ್ಸು ಹರಿಯುವುದು ಸಹಜ. ಆದರೆ ಪತಿಯೋ ಪತ್ನಿಯೋ ಬಾಲ್ಯದಿಂದಲೂ ಚಿತ್ರಕಥೆಗಳ ಅಭಿಮಾನಿಯಾಗಿದ್ದರೆ ಅವರಿಗೆ ಒಂದು ಉತ್ತಮ ಗ್ರಾಫಿಕ್ ಕಾದಂಬರಿ ನೀಡುವಷ್ಟು ಸಂತೋಷವನ್ನು ಬೇರಾವ ವಸ್ತುವೂ ನೀಡಲಾರದು. ತೊಡಕಿರುವುದು ಆಯ್ಕೆಯಲ್ಲಿ. ಕೊಳ್ಳುವವರಿಗೆ ಈ ಪುಸ್ತಕಗಳ ಪರಿಚಯವಿರುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯಂತಹ ಊರುಗಳಲ್ಲಿ ಕೈಗೆತ್ತಿಕೊಂಡು ಪುಟ ತಿರುವಿ ನೋಡುವ ಅವಕಾಶವೂ ಕಡಿಮೆ. ಕಬ್ಬಿನ ಬಿಲ್ಲಿಗಾಗಿಯೋ ತಿಂಗಳ ಸಂಬಳಕ್ಕಾಗಿಯೋ ಕಾಯುವ ಕುಟುಂಬಕ್ಕೆ ದುಬಾರಿ ಪುಸ್ತಕವೊಂದು ಸಣ್ಣ ವೆಚ್ಚವೇನಲ್ಲ. ಆದ್ದರಿಂದ ಹಣ ತೆರುವ ಮುನ್ನ ಕೆಲವು ಸಂಗತಿಗಳನ್ನು ಅರಿತಿರುವುದು ಒಳಿತು.

ಕಾಮಿಕ್ಸ್ ಬೇರೆ, ಗ್ರಾಫಿಕ್ ಕಾದಂಬರಿ ಬೇರೆಯೇ?

ಎರಡರ ರೀತಿಯೂ ಒಂದೇ. ಚೌಕಟ್ಟುಗಳಲ್ಲಿ ಬರೆದ ಚಿತ್ರಗಳು ಮತ್ತು ಮಾತು ಜೊತೆಗೂಡಿ ಕಥೆ ಹೇಳುತ್ತವೆ. ಕಾಮಿಕ್ಸ್ ಸಾಮಾನ್ಯವಾಗಿ ತೆಳುವಾದ ಸಂಚಿಕೆ. ಗ್ರಾಫಿಕ್ ಕಾದಂಬರಿಯಾದರೋ ಆದಿ, ಅಂತ್ಯಗಳುಳ್ಳ ದೀರ್ಘ ಕೃತಿ. 1978ರಲ್ಲಿ ಅಮೆರಿಕದ ವಿಲ್ ಐಸ್ನರ್ ಅವರ 'ಎ ಕಾಂಟ್ರ್ಯಾಕ್ಟ್ ವಿತ್ ಗಾಡ್' ಪ್ರಕಟವಾದ ನಂತರ ಈ ಹೆಸರು ಹೆಚ್ಚು ಬಳಕೆಗೆ ಬಂತು. ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ನಾಜಿಗಳ ಯಾತನಾ ಶಿಬಿರದಿಂದ ಬದುಕುಳಿದು ಬಂದ ತಂದೆಯ ಕಥೆಯನ್ನು ಮಗ ಚಿತ್ರಗಳಲ್ಲಿ ಹೇಳಿದ ಕೃತಿ ಅದು. ಚಿತ್ರವಿದ್ದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕವೆಂಬ ಭಾವನೆಗೆ ಇಂತಹ ಕೃತಿಗಳೇ ಉತ್ತರ.

ಆ ಭಾವನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಮದುವೆಯ ನಂತರ ಟ್ರಂಕಿನಲ್ಲಿದ್ದ ಹಳೆಯ ಚಿತ್ರಕಥೆಗಳು ರದ್ದಿ ಅಂಗಡಿ ಸೇರುವುದು ಅಪರೂಪವಲ್ಲ. ಮೂವತ್ತು, ನಲವತ್ತು ದಾಟಿದವರು ಕಾಮಿಕ್ಸ್ ಓದುತ್ತಿದ್ದರೆ ಮನೆಯವರೇ ನಗುವುದುಂಟು. ಹೀಗಾಗಿ ಈ ಉಡುಗೊರೆಗೆ ಬೆಲೆಗಿಂತ ಹೆಚ್ಚಿನ ಅರ್ಥವಿದೆ. ಸಂಗಾತಿಯ ಅಭಿರುಚಿಯನ್ನು ತಾನು ಗೌರವಿಸುತ್ತೇನೆಂಬ ಮಾತನ್ನು ಅದು ಹೇಳುತ್ತದೆ.

ಕನ್ನಡದ ನಂಟು

ಚಿತ್ರಕಥೆಗಳ ಭಾರತೀಯ ಇತಿಹಾಸದಲ್ಲಿ ಕನ್ನಡ ನಾಡಿಗೆ ದೊಡ್ಡ ಪಾಲಿದೆ. 'ಅಮರ ಚಿತ್ರ ಕಥಾ' ಮಾಲೆಯ ಸಂಪಾದಕರಾಗಿ 'ಅಂಕಲ್ ಪೈ' ಎಂದೇ ಹೆಸರಾದ ಅನಂತ ಪೈ ಅವರು ಕಾರ್ಕಳದಲ್ಲಿ ಜನಿಸಿದವರು. ಅದಕ್ಕೂ ಮುನ್ನ, 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಮಾಲೆಯ ಮೊದಲ ಸಂಚಿಕೆಗಳು ಕನ್ನಡದಲ್ಲಿ ಹೊರಬಂದವು. ಇಂಗ್ಲಿಷ್‌ನ 'ಕೃಷ್ಣ' ಸಂಚಿಕೆಗೆ 11ನೆಯ ಸಂಖ್ಯೆ ಬಿದ್ದಿರುವುದು ಈ ಕಾರಣದಿಂದಲೇ. 1964ರಲ್ಲಿ ಆರಂಭಗೊಂಡು 1990ರಲ್ಲಿ ನಿಂತುಹೋದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್, ಮಾಂಡ್ರೇಕ್ ಸಾಹಸಗಳು ಕನ್ನಡದಲ್ಲಿಯೂ ಬಂದವು. ಮುಂದಿನ ಪೀಳಿಗೆ 'ಬಾಲಮಂಗಳ'ದ ಡಿಂಗನೊಂದಿಗೆ ಬೆಳೆಯಿತು.

ಆದರೆ ವಯಸ್ಕ ಓದುಗರಿಗೆಂದೇ ಕನ್ನಡದಲ್ಲಿ ರಚಿತವಾದ ಗ್ರಾಫಿಕ್ ಕಾದಂಬರಿಗಳ ಸಂಖ್ಯೆ ತೀರಾ ಕಡಿಮೆ. ಉಡುಗೊರೆ ಕೊಳ್ಳುವವರು ಮೊದಲು ಎದುರಿಸಬೇಕಾದ ಸತ್ಯವಿದು.

ಮೊದಲು ಓದುಗರನ್ನು ಅರಿಯಿರಿ

ಅಂಗಡಿಗೆ ಹೋಗುವ ಮುನ್ನ ಮನೆಯ ಕಪಾಟನ್ನೊಮ್ಮೆ ಗಮನಿಸಿರಿ. ಸಂಗಾತಿಯ ಬಳಿ ಈಗಾಗಲೇ ಇರುವ ಪುಸ್ತಕಗಳ ಹೆಸರು, ಲೇಖಕರು ಮತ್ತು ಭಾಗಸಂಖ್ಯೆಯನ್ನು ಗುರುತು ಹಾಕಿಕೊಳ್ಳಿರಿ. ಇದರಿಂದ ಎರಡು ಲಾಭಗಳಿವೆ. ಇದ್ದ ಪುಸ್ತಕವನ್ನೇ ಮತ್ತೆ ಕೊಳ್ಳುವ ನಷ್ಟ ತಪ್ಪುತ್ತದೆ; ಅರ್ಧಕ್ಕೆ ನಿಂತ ಸರಣಿಯಿದ್ದರೆ ಮುಂದಿನ ಭಾಗವೇ ಅತ್ಯುತ್ತಮ ಉಡುಗೊರೆಯಾಗುತ್ತದೆ.

ಎರಡನೆಯದು ಭಾಷೆ. ಸಂಗಾತಿ ಇಂಗ್ಲಿಷ್‌ನಲ್ಲಿ ಸಲೀಸಾಗಿ ಓದುವವರಲ್ಲದಿದ್ದರೆ ಪ್ರಶಸ್ತಿ ಪಡೆದ ಕೃತಿಯೂ ಕಪಾಟಿನಲ್ಲಿಯೇ ಉಳಿಯುತ್ತದೆ. ಅಂತಹವರಿಗೆ ಮಾತಿಲ್ಲದ ಗ್ರಾಫಿಕ್ ಕಾದಂಬರಿಗಳು ಸೂಕ್ತ. ಇವುಗಳಲ್ಲಿ ಕಥೆಯೆಲ್ಲವೂ ಚಿತ್ರಗಳಿಂದಲೇ ಸಾಗುತ್ತದೆ. ಶಾನ್ ಟ್ಯಾನ್ ಅವರ 'ದಿ ಅರೈವಲ್' 2006ರಲ್ಲಿ ಪ್ರಕಟವಾದ ಇಂತಹ ಕೃತಿ. ಹೆಂಡತಿ, ಮಗಳನ್ನು ಊರಿನಲ್ಲಿ ಬಿಟ್ಟು ಅಪರಿಚಿತ ದೇಶಕ್ಕೆ ದುಡಿಯಲು ಹೊರಟವನ ಕಥೆ ಇದರಲ್ಲಿದೆ. ಕೆಲಸಕ್ಕೆಂದು ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋದವರ ಮನೆಗಳಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಅಪ್ಪುಪೆನ್ ಎಂಬ ಹೆಸರಿನಲ್ಲಿ ಬರೆಯುವ ಜಾರ್ಜ್ ಮ್ಯಾಥೆನ್ ಅವರ 'ಲೆಜೆಂಡ್ಸ್ ಆಫ್ ಹಲಾಹಲ' ಸಹ ಮಾತಿಲ್ಲದ ಪ್ರೇಮಕಥೆಗಳ ಸಂಕಲನ.

ಅಭಿರುಚಿಗೆ ತಕ್ಕ ಕೃತಿಗಳು

ಪುರಾಣಪ್ರಿಯರಿಗೆ: ಅಮೃತಾ ಪಾಟೀಲ್ ಅವರ 'ಆದಿ ಪರ್ವ' (2012) ಮತ್ತು 'ಸೌಪ್ತಿಕ್' (2016) ಮಹಾಭಾರತವನ್ನು ವರ್ಣಮಯ ಚಿತ್ರಗಳಲ್ಲಿ ಹೊಸ ದೃಷ್ಟಿಯಿಂದ ನಿರೂಪಿಸುತ್ತವೆ. ಅಮರ ಚಿತ್ರ ಕಥಾ ಓದಿ ಬೆಳೆದವರಿಗೆ ಇವು ಮುಂದಿನ ಮೆಟ್ಟಿಲು. ಜಪಾನಿನ ಒಸಾಮು ತೆಜುಕಾ ಅವರ 'ಬುದ್ಧ' ಎಂಟು ಸಂಪುಟಗಳ ಮಹಾಕೃತಿ. ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಿಲ್ಲ. ಮೊದಲ ಸಂಪುಟ 'ಕಪಿಲವಸ್ತು'ವಿನಿಂದ ಆರಂಭಿಸಿ, ಪ್ರತಿ ವರ್ಷವೂ ಒಂದನ್ನು ನೀಡಬಹುದು.

ಸಮಾಜಮುಖಿ ಓದುಗರಿಗೆ: 'ಭೀಮಾಯಣ' (2011) ಡಾ. ಅಂಬೇಡ್ಕರ್ ಅವರು ಅನುಭವಿಸಿದ ಅಸ್ಪೃಶ್ಯತೆಯ ಕಥೆ. ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ ಚೌಕಟ್ಟುಗಳನ್ನೇ ಬಿಟ್ಟು ತಮ್ಮ ಸಂಪ್ರದಾಯದ ಶೈಲಿಯಲ್ಲಿ ಚಿತ್ರಿಸಿದ್ದಾರೆ. ಗಂಡ ಹೆಂಡತಿ ಜೊತೆಯಾಗಿ ರಚಿಸಿದ ಚಿತ್ರಗಳೆಂಬುದೂ ಉಡುಗೊರೆಗೆ ಒಪ್ಪುವ ಮಾತು. ಒರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್' 1994ರಲ್ಲಿ ಪ್ರಕಟವಾಯಿತು. ಭಾರತದ ಮೊದಲ ಗ್ರಾಫಿಕ್ ಕಾದಂಬರಿಯೆಂದು ಅದನ್ನು ಹಲವರು ಗುರುತಿಸುತ್ತಾರೆ. ಬಹುಕಾಲ ಅಲಭ್ಯವಾಗಿದ್ದ ಕೃತಿ 2022ರಲ್ಲಿ ಮರುಮುದ್ರಣಗೊಂಡಿತು. ನರ್ಮದಾ ಕಣಿವೆಯ ಅಣೆಕಟ್ಟು ಮತ್ತು ನೆಲೆ ಕಳೆದುಕೊಳ್ಳುವವರ ಅಳಲು ಅದರ ವಸ್ತು. ಕನ್ನಂಬಾಡಿ ಕಟ್ಟೆಯ ನೀರಿನಿಂದ ಹಸಿರಾದ, ಅದೇ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿದ್ದನ್ನೂ ಬಲ್ಲ ಈ ಜಿಲ್ಲೆಯ ಓದುಗರಿಗೆ ಆ ಕಥೆ ದೂರದ್ದೆನಿಸದು.

ಆತ್ಮಕಥೆ ಇಷ್ಟಪಡುವವರಿಗೆ: ಇರಾನ್‌ನ ಕ್ರಾಂತಿ ಮತ್ತು ಯುದ್ಧದ ದಿನಗಳಲ್ಲಿ ಬೆಳೆದ ಹುಡುಗಿಯ ಕಥೆಯಾದ ಮರ್ಜಾನೆ ಸತ್ರಾಪಿ ಅವರ 'ಪರ್ಸೆಪೊಲಿಸ್', ಕಾಶ್ಮೀರದ ಬಾಲ್ಯವನ್ನು ಹೇಳುವ ಮಲಿಕ್ ಸಜಾದ್ ಅವರ 'ಮುನ್ನು' (2015) ಉತ್ತಮ ಆಯ್ಕೆಗಳು.

ನಗರಜೀವನದ ಕಥೆ ಬಯಸುವವರಿಗೆ: ಸಾರನಾಥ್ ಬ್ಯಾನರ್ಜಿ ಅವರ 'ಕಾರಿಡಾರ್' (2004) ದೆಹಲಿಯ ಹಳೆಯ ಪುಸ್ತಕ ವ್ಯಾಪಾರಿಯೊಬ್ಬನ ಸುತ್ತ ಹೆಣೆದ ಲಘುಹಾಸ್ಯದ ಕೃತಿ.

ಬಾಲ್ಯದ ನೆನಪು ಬಯಸುವವರಿಗೆ: ಕನ್ನಡದ ಹಳೆಯ ಇಂದ್ರಜಾಲ ಅಥವಾ ಅಮರ ಚಿತ್ರ ಕಥಾ ಸಂಚಿಕೆಗಳನ್ನು ಹುಡುಕಿ ಕೊಡಬಹುದು. ರದ್ದಿ ಸೇರಿದ್ದ ಸಂಚಿಕೆಯೊಂದು ಮರಳಿ ಕೈಗೆ ಬಂದರೆ ಆಗುವ ಆನಂದ ಹೊಸ ಪುಸ್ತಕಕ್ಕಿಂತ ಕಡಿಮೆಯದಲ್ಲ.

ಕೊಳ್ಳುವಾಗ ಎಚ್ಚರ

* ಗ್ರಾಫಿಕ್ ಕಾದಂಬರಿಗಳಲ್ಲಿ ಹಿಂಸೆ, ಲೈಂಗಿಕ ವಿಷಯ, ನಗ್ನ ಚಿತ್ರಗಳಿರಬಹುದು. ಮಕ್ಕಳಿರುವ ಮನೆಯಾದರೆ ಕೆಲವು ಪುಟಗಳನ್ನಾದರೂ ನೋಡಿ ಕೊಳ್ಳಿರಿ. ಚಿತ್ರದ ಪುಸ್ತಕವೆಂದೊಡನೆ ಮೊದಲು ಕೈಹಾಕುವವರು ಮಕ್ಕಳೇ.

* ಸರಣಿಯಾದರೆ ಭಾಗಸಂಖ್ಯೆ ನೋಡಿರಿ. ಮೂರನೆಯ ಭಾಗವನ್ನು ಮೊದಲು ಕೊಟ್ಟರೆ ಓದಲು ಬಾರದು. 'ಮೌಸ್', 'ಪರ್ಸೆಪೊಲಿಸ್' ಕೃತಿಗಳು ಬಿಡಿ ಭಾಗಗಳಾಗಿಯೂ ಒಂದೇ ಸಂಪುಟವಾಗಿಯೂ ದೊರೆಯುತ್ತವೆ. ಒಂದೇ ಸಂಪುಟ ಲೇಸು.

* ಜಪಾನಿನ ಮಾಂಗಾ ಪುಸ್ತಕಗಳು ಬಹುಮಟ್ಟಿಗೆ ಬಲದಿಂದ ಎಡಕ್ಕೆ ಸಾಗುತ್ತವೆ. ಮುದ್ರಣದೋಷವೆಂದು ಭಾವಿಸಿ ಹಿಂದಿರುಗಿಸಬೇಡಿರಿ.

* ನಂಬಲಾಗದಷ್ಟು ಅಗ್ಗದ ಪ್ರತಿಗಳು ನಕಲಿಯಾಗಿರುವ ಸಾಧ್ಯತೆಯಿದೆ. ಮಸುಕಾದ ಬಣ್ಣ, ಅಂಚಿನಲ್ಲಿ ಕತ್ತರಿಸಿಹೋದ ಮಾತುಗಳು ಅದರ ಗುರುತು. ಚಿತ್ರವೇ ಪ್ರಧಾನವಾದ ಪುಸ್ತಕದಲ್ಲಿ ಇದು ದೊಡ್ಡ ನಷ್ಟ.

* ಹಳೆಯ ಸಂಚಿಕೆಗಳಾದರೆ ಪುಟಗಳನ್ನು ಎಣಿಸಿರಿ. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಕಳಚಿಹೋಗಿರುವುದು ಸಾಮಾನ್ಯ.

ಎಲ್ಲಿ ದೊರೆಯುತ್ತವೆ?

ಮಂಡ್ಯ ಮತ್ತು ಮದ್ದೂರಿನವರಿಗೆ ರೈಲು, ಬಸ್ಸು ಎರಡರಿಂದಲೂ ಬೆಂಗಳೂರು, ಮೈಸೂರುಗಳು ಹತ್ತಿರ. ರೈಲು ಮಾರ್ಗವಿಲ್ಲದ ಮಳವಳ್ಳಿಯವರು ಬಸ್ಸಿನಲ್ಲಿ ಮೈಸೂರಿಗೋ, ಕನಕಪುರ ಮಾರ್ಗವಾಗಿ ಬೆಂಗಳೂರಿಗೋ ಹೋಗಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿರುವ ಬ್ಲಾಸಮ್, ಬುಕ್‌ವರ್ಮ್ ಮಳಿಗೆಗಳಲ್ಲಿ ಹೊಸ ಪುಸ್ತಕಗಳೊಂದಿಗೆ ಬಳಸಿದ ಪುಸ್ತಕಗಳೂ ಕಡಿಮೆ ಬೆಲೆಗೆ ಸಿಗುತ್ತವೆ. ಸಪ್ನ ಪುಸ್ತಕ ಮಳಿಗೆ ಮೈಸೂರಿನಲ್ಲಿಯೂ ಇದೆ. ಬಯಸಿದ ಕೃತಿ ಇದೆಯೇ ಎಂದು ದೂರವಾಣಿಯಲ್ಲಿ ವಿಚಾರಿಸಿ ಹೊರಟರೆ ಬಸ್ ಚಾರ್ಜು ವ್ಯರ್ಥವಾಗದು.

ಅಂತರ್ಜಾಲದಲ್ಲಿ ತರಿಸುವುದಾದರೆ ಕನಿಷ್ಠ ಎರಡು ವಾರ ಮೊದಲೇ ಬೇಡಿಕೆ ಸಲ್ಲಿಸಿರಿ. ಹೋಬಳಿಯ ಹಳ್ಳಿಗಳಿಗೆ ಪೊಟ್ಟಣ ತಲುಪಲು ಪಟ್ಟಣಕ್ಕಿಂತ ಹೆಚ್ಚು ದಿನ ಹಿಡಿಯಬಹುದು. ಗುಟ್ಟು ಉಳಿಯಬೇಕಾದರೆ ಮನೆಯ ವಿಳಾಸದ ಬದಲು ಕಚೇರಿಯ ಅಥವಾ ಪರಿಚಯದ ಅಂಗಡಿಯ ವಿಳಾಸ ನೀಡುವುದು ಕ್ಷೇಮ. ಪೊಟ್ಟಣ ಬಂದೊಡನೆ ತೆರೆದು, ಮೂಲೆ ಮಡಚಿದ್ದರೆ ಅಥವಾ ಪುಟ ಹರಿದಿದ್ದರೆ ಬದಲಿಸಿಕೊಳ್ಳಲು ಸಮಯವಿರುವಂತೆ ನೋಡಿಕೊಳ್ಳಿರಿ.

ಯಾವುದೂ ನಿರ್ಧಾರವಾಗದಿದ್ದರೆ ಮತ್ತೊಂದು ದಾರಿಯಿದೆ. ಒಂದು ದಿನ ಬಿಡುವು ಮಾಡಿಕೊಂಡು ಸಂಗಾತಿಯನ್ನೇ ಪುಸ್ತಕ ಮಳಿಗೆಗೆ ಕರೆದೊಯ್ಯಿರಿ; ಇಷ್ಟು ಹಣದೊಳಗೆ ಬೇಕಾದ್ದನ್ನು ಆರಿಸಿಕೋ ಎನ್ನಿರಿ.

ದಾಂಪತ್ಯದ ಒಲವನ್ನೇ ಹಾಡಿದ 'ಮೈಸೂರ ಮಲ್ಲಿಗೆ'ಯನ್ನು 1942ರಲ್ಲಿ ನಾಡಿಗಿತ್ತ ಕೆ.ಎಸ್. ನರಸಿಂಹಸ್ವಾಮಿಯವರು ಇದೇ ಜಿಲ್ಲೆಯ ಕಿಕ್ಕೇರಿಯವರು. ಅದನ್ನು ಮದುವೆಯ ಮನೆಗಳಿಗೆ ಉಡುಗೊರೆಯಾಗಿ ಒಯ್ದವರು ಬಹಳ ಮಂದಿ. ಆ ಸಾಲಿಗೆ ಚಿತ್ರಗಳಲ್ಲಿ ಹೇಳಿದ ಕಥೆಯೊಂದೂ ಸೇರಿದರೆ ತಪ್ಪೇನಿಲ್ಲ. ಕೊಟ್ಟವರೂ ಬಿಡುವಾದಾಗ ಅದನ್ನು ಓದಿದರೆ ಮನೆಯಲ್ಲಿ ಮಾತಿಗೆ ಹೊಸದೊಂದು ವಿಷಯ ದೊರೆಯುತ್ತದೆ.