ಮಂಗಟ್ಟೆಗೆ ಎಷ್ಟು ಉದ್ದದ ಲೆನ್ಸ್?

ದೂರದ ಹಕ್ಕಿ, ಪ್ರಾಣಿಗಳ ಚಿತ್ರ ತೆಗೆಯುವ ಟೆಲಿಫೋಟೊ ಲೆನ್ಸ್ ಅಂಗಡಿಯಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ಬಿಕರಿಯಾಗುತ್ತದೆ: 300, 400, 600. ಇದು ಲೆನ್ಸಿನ ಸಂಗಮ ದೂರ. ಅಂಕಿ ಏರಿದಷ್ಟೂ ಪ್ರಾಣಿ ಚೌಕಟ್ಟಿನಲ್ಲಿ ದೊಡ್ಡದಾಗಿ ಬರುತ್ತದೆ, ಅದು ಸರಿ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕ್ಯಾಮೆರಾ ಹಿಡಿದು ತಿರುಗುವವರು ದುಡ್ಡು ಬಿಚ್ಚುವ ಮೊದಲು ನೋಡಬೇಕಾದ ಅಂಕಿ ಇನ್ನೊಂದಿದೆ. ಅದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ. ಒಂದು ಸಣ್ಣ ಭಾಗಾಕಾರ ಮಾಡಿ ಕಂಡುಕೊಳ್ಳಬೇಕು.

ಉದ್ದದ ಲೆಕ್ಕವನ್ನು ಮೊದಲು ಮುಗಿಸಿಬಿಡಬಹುದು. ದೊಡ್ಡ ಮಂಗಟ್ಟೆ ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಹೆಚ್ಚುಕಡಿಮೆ ಒಂದು ಮೀಟರ್. ತೋಟದಂಚಿನ ಗೋಳಿಮರದಲ್ಲಿ ಹಣ್ಣು ತಿನ್ನುತ್ತ ಕೂತ ಹಕ್ಕಿ 40 ಮೀಟರ್ ದೂರದಲ್ಲಿದ್ದರೆ, 300 ಮಿ.ಮೀ. ಲೆನ್ಸ್ ಅದರ ಬಿಂಬವನ್ನು ಸೆನ್ಸರಿನ ಮೇಲೆ ಏಳೂವರೆ ಮಿಲಿಮೀಟರ್ ಉದ್ದಕ್ಕೆ ಮೂಡಿಸುತ್ತದೆ. ಕಡಿಮೆ ಬೆಲೆಯ ಕ್ಯಾಮೆರಾಗಳ ಎಪಿಎಸ್-ಸಿ ಸೆನ್ಸರಿನ ಅಗಲ 22ರಿಂದ 24 ಮಿ.ಮೀ. ಅಂದರೆ ಹಕ್ಕಿ ಚೌಕಟ್ಟಿನ ಮೂರನೇ ಒಂದು ಪಾಲು; ಪತ್ರಿಕೆಯಲ್ಲಿ ಅಚ್ಚು ಹಾಕಲು ಧಾರಾಳ ಸಾಕು. ಅದೇ ದೂರದಲ್ಲಿ ಗೇಣುದ್ದವೂ ಇಲ್ಲದ ಮಿಂಚುಳ್ಳಿ ಕೂತರೆ ಬಿಂಬ ಒಂದು ಮಿಲಿಮೀಟರ್ ಚಿಲ್ಲರೆ. 600 ಹಾಕಿದರೂ ಎರಡೂವರೆ ದಾಟದು. ಅದಕ್ಕೆ ಮದ್ದು ಲೆನ್ಸ್ ಅಲ್ಲ, ಹಳ್ಳದ ಪಕ್ಕ ಮರೆಯಲ್ಲಿ ಕದಲದೆ ಕೂರುವುದು.

ಇನ್ನು ಬೆಳಕು. ಸಂಗಮ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಲೆನ್ಸಿನ ಬಾಯಿಯ ಅಗಲ ಸಿಗುತ್ತದೆ. ಎಫ್ 5.6ರ 300 ಮಿ.ಮೀ. ಲೆನ್ಸಿಗೆ ಇದು ಸುಮಾರು 54 ಮಿ.ಮೀ. ಎಫ್ 6.3ರ 600ಕ್ಕೆ 95. ಎಫ್ 4ರ 600ಕ್ಕೆ 150; ಆ ಲೆನ್ಸಿಗೆ ಹತ್ತು ಲಕ್ಷ ಮೀರಿ ಬೆಲೆ ಬೀಳುವುದು ಮುಖ್ಯವಾಗಿ ಅಷ್ಟಗಲದ ಗಾಜಿಗೆ. ಒಂದೇ ಜಾಗದಲ್ಲಿ ನಿಂತು, ಒಂದೇ ಷಟರ್ ವೇಗದಲ್ಲಿ ತೆಗೆದಾಗ ಪ್ರಾಣಿಯ ಮೈಯಿಂದ ಬಂದ ಬೆಳಕು ಎಷ್ಟು ಒಳಗೆ ಹೋಯಿತು ಎನ್ನುವುದು ಈ ಅಗಲದ ವರ್ಗವನ್ನು ಅನುಸರಿಸುತ್ತದೆ. 95ರ ಬಾಯಿ 54ರ ಬಾಯಿಗಿಂತ ಮೂರು ಪಟ್ಟು ಬೆಳಕು ಕುಡಿಯುತ್ತದೆ.

ಈ ಲೆಕ್ಕ ಕೈಗೆ ಸಿಕ್ಕರೆ ಜಾಹೀರಾತಿನ ಅಬ್ಬರ ಇಳಿಯುತ್ತದೆ. 2015ರಲ್ಲಿ ಬಂದ ನಿಕಾನ್ ಪಿ900 ಕ್ಯಾಮೆರಾದ ಜೂಮ್ 2000 ಮಿ.ಮೀ.ಗೆ ಸಮ ಎಂದು ಹೆಸರಾಯಿತು. ಅದರ ನಿಜವಾದ ಸಂಗಮ ದೂರ 357, ಎಫ್ ಸಂಖ್ಯೆ 6.5, ಬಾಯಿ 55 ಮಿ.ಮೀ. ಕ್ಯಾನನ್ 2020ರಲ್ಲಿ ತಂದ ಆರ್‌ಎಫ್ 600 ಲೆನ್ಸ್ ಒಂದು ಕಿಲೋಗೂ ಹಗುರ, ಆದರೆ ಎಫ್ 11. ಬಾಯಿ ಅದೇ 55. ಸಾಧಾರಣ 70-300 ಲೆನ್ಸಿನದ್ದೂ ಹೆಚ್ಚುಕಡಿಮೆ ಅಷ್ಟೇ. ಬಿಸಿಲು ಬಿದ್ದ ಗದ್ದೆಬಯಲಿನಲ್ಲಿ ಮೂರೂ ಚಂದದ ಚಿತ್ರ ಕೊಡುತ್ತವೆ, ಕಾಡಿನೊಳಗೆ ಮೂರೂ ತಿಣುಕುತ್ತವೆ.

ಎಷ್ಟು ತಿಣುಕುತ್ತವೆ ಎಂದು ತಿಳಿಯಲು ಸಿಂಗಳೀಕಕ್ಕಿಂತ ಕಠಿಣ ಪರೀಕ್ಷೆ ಬೇಡ. ಈ ಕೋತಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಆ ಹೆಸರು ಸುಮ್ಮನೆ ಬಂದಿಲ್ಲ. ಅಂಥ ಕಾಡಿನ ಎತ್ತರದ ಕೊಂಬೆಯಲ್ಲಿ ಕರಿ ಮೈಯ, ಕರಿ ಮೋರೆಯ ಪ್ರಾಣಿ. ಹಿಂದೆ ಎಲೆಗಳ ಸಂದಿಯಲ್ಲಿ ಬೆಳ್ಳನೆಯ ಆಕಾಶ. ಎಕ್ಸ್‌ಪೋಷರನ್ನು ಒಂದು, ಒಂದೂವರೆ ಸ್ಟಾಪ್ ಏರಿಸದಿದ್ದರೆ ಸಿಗುವುದು ಬಾಲವಿರುವ ನೆರಳು ಮಾತ್ರ. ಐಎಸ್‌ಒ 3200 ಇಲ್ಲಿ ಹಗಲಿನ ಮಾತು. ಮೂವತ್ತು ಮೀಟರಿನಾಚೆ ಮರಗಳೇ ಅಡ್ಡ ಬರುವುದರಿಂದ ಅತಿ ಉದ್ದದ ಲೆನ್ಸಿಗೆ ಕೆಲಸವೂ ಕಡಿಮೆ.

ಬಯಲಾದ ಜಾಗಗಳ ಮಾತು ಬೇರೆ. ಸೋಂದೆಯ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ನೀರಿನ ನಡುವಿನ ಮುಂಡಿಗೆ ಹಿಂಡಿಲಲ್ಲಿ ಗೂಡು ಕಟ್ಟುತ್ತವೆ. ನಡುವೆ ನೀರು, ಹತ್ತಿರ ಹೋಗುವಂತಿಲ್ಲ, ಹೋಗಲೂಬಾರದು. ಯಲ್ಲಾಪುರದ ಬೇಡ್ತಿ ಕಣಿವೆಯಲ್ಲಿ ಮಂಗಟ್ಟೆಗಳು ಒಂದು ಗುಡ್ಡದಿಂದ ಇನ್ನೊಂದಕ್ಕೆ ಹಾರಿಹೋಗುವಾಗಲೂ 500, 600ರ ಉದ್ದ ನಿಜಕ್ಕೂ ಬೇಕು. ಗೂಡಿನ ವಿಷಯದಲ್ಲಂತೂ ಉದ್ದದ ಲೆನ್ಸ್ ಮರ್ಯಾದೆಯ ಸಾಧನ: ಹೆಣ್ಣು ಮಂಗಟ್ಟೆ ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗಿರುತ್ತದೆ, ಗಂಡು ತರುವ ಹಣ್ಣೇ ಅದಕ್ಕೆ ಆಹಾರ. ಮರದ ಬುಡದಲ್ಲಿ ಜನ ಕಂಡರೆ ಗಂಡು ಬಳಿಗೆ ಬರಲು ಹಿಂಜರಿಯುತ್ತದೆ.

ಬಜೆಟ್ ತೀರಾ ಬಿಗಿಯಿದ್ದರೆ ಕ್ಯಾನನ್ ಕ್ಯಾಮೆರಾಕ್ಕೆ 55-250 ಎಸ್‌ಟಿಎಂ, ನಿಕಾನಿಗೆ ವಿಆರ್ (ನಡುಕ ತಡೆ) ಇರುವ 70-300 ಒಳ್ಳೆಯ ಆರಂಭ. ಸೆಟ್ಟಿನ ಜೊತೆ ಅಗ್ಗಕ್ಕೆ ಸಿಗುವ ಕ್ಯಾನನ್ 75-300ರಲ್ಲಿ ಉದ್ದ ಇನ್ನಷ್ಟು ಇದ್ದರೂ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಅದನ್ನು ಬಿಡುವುದೇ ಲೇಸು. ಮುಂದಿನ ಮೆಟ್ಟಿಲು ಸಿಗ್ಮಾ ಕಂಟೆಂಪರರಿ ಅಥವಾ ಟ್ಯಾಮ್ರಾನ್ 150-600. ಎರಡೂ ಎರಡು ಕಿಲೋ ಆಸುಪಾಸು. ನಿಕಾನಿನ 200-500 ಟ್ರೈಪಾಡ್ ಕಾಲರ್ ಸೇರಿ 2.3 ಕಿಲೋ, ಬಾಯಿ 89 ಮಿ.ಮೀ. ಇಷ್ಟು ತೂಕವನ್ನು ಘಟ್ಟದಲ್ಲಿ ದಿನವಿಡೀ ಕುತ್ತಿಗೆಗೆ ನೇತುಹಾಕಿಕೊಳ್ಳಲಾಗದು. ಮೊನೊಪಾಡ್ ಅಥವಾ ಬೇಲಿಯ ಮೇಲಿಡಲು ಜೊಳ್ಳುಭತ್ತ ತುಂಬಿದ ಬಟ್ಟೆಚೀಲ ಬೇಕು. ನಡುಕ ತಡೆಯುವ ವ್ಯವಸ್ಥೆ ಕೈಯ ಅಲುಗಾಟವನ್ನಷ್ಟೇ ತಡೆಯುತ್ತದೆ, ಜಿಗಿಯುವ ಕೋತಿಯನ್ನು ನಿಲ್ಲಿಸದು. ಅದಕ್ಕೆ ಷಟರ್ ವೇಗವೇ ಬೇಕು, ವೇಗಕ್ಕೆ ಮತ್ತೆ ಬೆಳಕು. ಟೆಲಿಕನ್ವರ್ಟರ್ ಹಾಕಿ ಉದ್ದ ಹೆಚ್ಚಿಸುವ ಅಗ್ಗದ ದಾರಿಯೂ ಇಲ್ಲೇ ಎಡವುತ್ತದೆ: 1.4 ಪಟ್ಟಿನದು ಹಾಕಿದರೆ ಎಫ್ 5.6 ಲೆನ್ಸ್ ಎಫ್ 8 ಆಗುತ್ತದೆ, ಬಾಯಿ ಮಾತ್ರ ಇದ್ದಷ್ಟೇ.

ದೊಡ್ಡ ಲೆನ್ಸನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವುದೇ ಜಾಣತನ. ಮೊದಲು ಕ್ಯಾಮೆರಾಕ್ಕೆ ಅದು ಹೊಂದುತ್ತದೆಯೇ ನೋಡಬೇಕು. ನಿಕಾನಿನ ಎಎಫ್-ಪಿ ಗುರುತಿನ ಲೆನ್ಸ್ ಹಳೆಯ ಡಿ90ರಲ್ಲಿ ಫೋಕಸ್ಸೇ ಆಗದು. ಮೋಟಾರಿಲ್ಲದ ಹಳೆಯ ಲೆನ್ಸ್ ಡಿ3400ರಲ್ಲಿ ತಾನಾಗಿ ಫೋಕಸ್ ಹಿಡಿಯದು. ಆಮೇಲೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ನಾಲ್ಕು ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯ ಎಳೆಯಂತೆ ಕವಲೊಡೆದ ಬಿಳಿ ಗೆರೆ ಕಂಡರೆ ಅದು ಬೂಸರು. ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹೊಸ ಲೆನ್ಸಿಗೂ ಮಲೆನಾಡಿನಲ್ಲಿ ಬೂಸರಿನ ಭಯ ತಪ್ಪಿದ್ದಲ್ಲ. ಕ್ಯಾಮೆರಾ ಬ್ಯಾಗಿನೊಳಗೇ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟರೆ ಗಾಜು ಹಾಳಾಗುವುದು ಬಹುತೇಕ ಖಚಿತ. ಹಪ್ಪಳ, ಸಂಡಿಗೆ ಒಣಗಿರುವ ಒಲೆಯ ಮೇಲಿನ ಅಟ್ಟ ಇದಕ್ಕೆ ಆಗದು; ಹೊಗೆಯ ಜಿಡ್ಡು ಗಾಜಿಗೆ ಹತ್ತುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಮಾಪಕ ಇದ್ದರೆ ಸಾಕು. ಮುಳ್ಳು ನಲವತ್ತು, ಐವತ್ತರ ನಡುವೆ ನಿಲ್ಲಬೇಕು. ಮಳೆಯಲ್ಲಿ ತಿರುಗಿ ಬಂದ ಲೆನ್ಸನ್ನು ಒರೆಸಿ, ಫ್ಯಾನಿನ ಗಾಳಿಗೆ ಒಣಗಿಸಿಯೇ ಒಳಗಿಡಬೇಕು. ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿಗೆ ತಿರುಗಿದಾಗ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆರಿದ ಮೇಲೆ ಡಬ್ಬಿಗೆ ಹಾಕಬಹುದು.