‘ಅಲಾಂಗ್‌ಸೈಡ್’ ಪದದ ಅರ್ಥ ಹಾಗೂ ಬಳಕೆ

ಬಳ್ಳಾರಿ, ಕುರುಗೋಡು ಹಾಗೂ ಸಿರುಗುಪ್ಪ ತಾಲ್ಲೂಕುಗಳಲ್ಲಿ ತುಂಗಭದ್ರಾ ಬಲದಂಡೆ ಕಾಲುವೆಗಳು ಹರಿಯುತ್ತವೆ. ಇಲ್ಲಿನ ಜಮೀನುಗಳನ್ನು ಆಂಗ್ಲ ಪತ್ರಗಳಲ್ಲಿ ವಿವರಿಸುವಾಗ ‘ಅಲಾಂಗ್‌ಸೈಡ್’ ಎಂಬ ಉಪಸರ್ಗ ಬರಬಹುದು. ಹಲಕುಂದಿ ಸೇರಿದಂತೆ ಈ ಭಾಗದ ಸಾರ್ವಜನಿಕರ ಮಾಹಿತಿಗಾಗಿ ಅದರ ಎರಡು ಅರ್ಥಗಳನ್ನು ಇಲ್ಲಿ ನೀಡಲಾಗಿದೆ.

1. ಸ್ಥಾನ: ಒಂದರ ಮಗ್ಗುಲಲ್ಲಿ, ಅದಕ್ಕೆ ಹೊಂದಿಕೊಂಡು.
ಉದಾ: ‘ದಿ ರೋಡ್ ರನ್ಸ್ ಅಲಾಂಗ್‌ಸೈಡ್ ದಿ ಕೆನಾಲ್’ – ರಸ್ತೆಯು ಕಾಲುವೆಯ ಮಗ್ಗುಲಲ್ಲಿಯೇ ಸಾಗುತ್ತದೆ.

2. ಸಾಹಚರ್ಯ: ಜೊತೆಗೂಡಿ.
ಉದಾ: ‘ಶಿ ವರ್ಕ್ಸ್ ಅಲಾಂಗ್‌ಸೈಡ್ ಹರ್ ಬ್ರದರ್’ – ಆಕೆಯು ಸಹೋದರನ ಜೊತೆಗೂಡಿ ದುಡಿಯುತ್ತಾಳೆ.

ಈ ಪದದ ನಂತರ ‘ವಿತ್’ ಸೇರಿಸುವ ಅಗತ್ಯವಿಲ್ಲ.

ಗಮನಿಸಬೇಕಾದ ಅಂಶಗಳು:

ಅ) ‘ಲ್ಯಾಂಡ್ ಅಲಾಂಗ್‌ಸೈಡ್ ದಿ ಕೆನಾಲ್’ ಎಂದರೆ ಕಾಲುವೆಗೆ ಹೊಂದಿಕೊಂಡ ಜಮೀನು. ಇದನ್ನು ‘ಕಾಲುವೆ ಸಹಿತ ಜಮೀನು’ ಎಂದು ಅನುವಾದಿಸಿದಲ್ಲಿ, ಕಾಲುವೆಯೂ ಕ್ರಯಕ್ಕೆ ಸೇರಿದೆಯೆಂಬ ತಪ್ಪುಗ್ರಹಿಕೆಗೆ ಎಡೆಯಾಗುತ್ತದೆ.

ಆ) ಈ ಪದವು ದಿಕ್ಕನ್ನು ಸೂಚಿಸುವುದಿಲ್ಲ. ಆದುದರಿಂದ ಚಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಲ್ಲೆಗಳನ್ನು ಪ್ರತ್ಯೇಕವಾಗಿ ನಮೂದಿಸುವುದು ಅವಶ್ಯಕ.

ಇ) ಸಹಿ ಮಾಡುವ ಮುನ್ನ ಪತ್ರವನ್ನು ಕನ್ನಡದಲ್ಲಿ ಓದಿಸಿ, ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.